ಉಂಡಾ? ಉಟ್ಟು!

ನನ್ನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಒಂದು ದಿಂಬು ಉಂಟು. ಪುಸ್ತಕದ ಕನ್ನಡದಲ್ಲಿ 'ಇದೆ' ಎಂದು ಬರೆಯಬೇಕು ಎನ್ನುವುದು ನನಗೆ ಗೊತ್ತಿಲ್ಲದೆ ಅಲ್ಲ. ಆದರೆ ಈ ದಿಂಬಿನ ಮಟ್ಟಿಗೆ 'ಇದೆ' ಸಾಲುವುದಿಲ್ಲ. ಯಾಕೆ ಸಾಲುವುದಿಲ್ಲ ಎಂದು ಕೊನೆಯವರೆಗೆ ಓದಿದರೆ ನಿಮಗೇ ತಿಳಿಯುತ್ತದೆ. ಓದದಿದ್ದರೂ ದಿಂಬಿಗೆ ಬೇಸರವೇನೂ ಇಲ್ಲ.

ನನ್ನದೇ ಹಳೆಯ ಖಾಕಿ ಪ್ಯಾಂಟಿನ ಹಿಂಭಾಗವನ್ನು ಕತ್ತರಿಸಿ, ಬೂರುಗದ ಹತ್ತಿ ತುಂಬಿ ಹೊಲಿದ ದಿಂಬು ಅದು. ಹೊಲಿದವಳು ನನ್ನ ಹೆಂಡತಿ ಕಮಲಾಕ್ಷಿ. ಊರಿನ ಅರ್ಧದಷ್ಟು ಹೆಂಗಸರ ರವಿಕೆ ಹೊಲಿಯುತ್ತಿದ್ದವಳಿಗೆ ಇದೊಂದು ದೊಡ್ಡ ಕೆಲಸವಲ್ಲ. "ಇಷ್ಟು ವರ್ಷ ನೀವು ಕೂತು ಸವೆಸಿದ್ದು, ಇನ್ನು ನಾನು ಕೂತು ಸವೆಸ್ತೇನೆ" ಎಂದಿದ್ದಳು. ಖಾಕಿ ಬಟ್ಟೆ ಅಷ್ಟು ಸುಲಭದಲ್ಲಿ ಸವೆಯುವುದಿಲ್ಲ. ಅವಳೇ ಮೊದಲು ಮುಗಿದಳು.

ನಾನು ಸುಳ್ಯದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಟಪಾಲು ಹಂಚಿದವನು. ಸೈಕಲ್ಲಿನಲ್ಲಿ ಹಂಚಿದೆ ಎಂದು ಹೇಳುವುದು ವಾಡಿಕೆ. ನಮ್ಮ ಕಡೆಯ ರಸ್ತೆಗಳನ್ನು ಕಂಡವರಿಗೆ ನಿಜ ಗೊತ್ತು. ಪುತ್ತೂರಿನಿಂದ ಸುಳ್ಯಕ್ಕೆ, ಸುಳ್ಯದಿಂದ ಕಡಬಕ್ಕೆ, ಎಲ್ಲಿಂದ ಎಲ್ಲಿಗೆ ಹೊರಟರೂ ಒಂದು ಏರು, ಒಂದು ಇಳಿತ, ಮತ್ತೊಂದು ಏರು. ದೇವರು ಈ ಸೀಮೆಯನ್ನು ಮಾಡುವಾಗ ಮಟ್ಟಗೋಲು ಮನೆಯಲ್ಲಿ ಮರೆತು ಬಂದಿರಬೇಕು. ಏರಿನಲ್ಲಿ ನಾನು ಸೈಕಲನ್ನು ದೂಡಿದೆ, ಇಳಿತದಲ್ಲಿ ಸೈಕಲ್ ನನ್ನನ್ನು ದೂಡಿತು. ಲೆಕ್ಕ ಹಾಕಿದರೆ ಅದು ನನ್ನನ್ನು ಹೊತ್ತದ್ದಕ್ಕಿಂತ ನಾನು ಅದನ್ನು ಸಾಗಿಸಿದ್ದೇ ಹೆಚ್ಚು.

ಹಾಗಾಗಿ ನಮ್ಮಲ್ಲಿ ಸೈಕಲ್ಲಿನ ಹಿಂದೆ ಕೂತವರಿಗೆ ಒಂದು ಕಟ್ಟಳೆ ಉಂಟು. ಏರು ಬಂದ ಕೂಡಲೇ, ಯಾರೂ ಹೇಳದೆ, ಹಿಂದಿನವರು ಹಾರಿ ಇಳಿಯಬೇಕು. ನೆತ್ತಿಯವರೆಗೆ ನಡೆಯಬೇಕು. ಅಲ್ಲಿ ಸವಾರ ಒಂದು ಕಾಲು ಪೆಡಲಿನ ಮೇಲಿಟ್ಟು ಕುಂಟುತ್ತಾ ಹತ್ತುವಾಗ, ಹಿಂದಿನವರು ನಾಲ್ಕು ಹೆಜ್ಜೆ ಓಡಿ, ಕ್ಯಾರಿಯರಿಗೆ ಪಕ್ಕದಿಂದ ಹಾರಿ ಕೂರಬೇಕು. ಸೀರೆ ಉಟ್ಟುಕೊಂಡು ಇದನ್ನು ಮಾಡುವುದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನು ಯಾವತ್ತೂ ಹಿಂದೆ ತಿರುಗಿ ನೋಡಿದವನಲ್ಲ.

ನೋಡದೆ ಇದ್ದದ್ದರ ಫಲ ಮದುವೆಯಾದ ತಿಂಗಳಲ್ಲೇ ಸಿಕ್ಕಿತು. ಹೊಸ ಗಂಡಹೆಂಡಿರನ್ನು ನೆಂಟರ ಮನೆಯವರು ಊಟಕ್ಕೆ ಕರೆಯುವ ಸಮ್ಮಾನದ ದಿನಗಳು. ಕಡಬದ ಹತ್ತಿರ ಅವಳ ದೊಡ್ಡಪ್ಪನ ಮನೆಗೆ ಹೊರಟಿದ್ದೆವು. ಕೊನೆಯ ಗುಡ್ಡದ ನೆತ್ತಿಯಲ್ಲಿ ನಾನು ಕುಂಟಿ ಹತ್ತಿದೆ. ಇಳಿತದಲ್ಲಿ ಗಾಳಿ ಬೀಸಿದ ಖುಷಿಗೆ ನನ್ನ ಮುಂದಿನ ಇಪ್ಪತ್ತು ವರ್ಷಗಳ ಯೋಜನೆಯನ್ನು ಅವಳಿಗೆ ವಿವರಿಸುತ್ತಾ ಹೋದೆ. ಅಂಗಳದಲ್ಲಿ ಬೆಲ್ಲ, ನೀರು ಹಿಡಿದು ನಿಂತಿದ್ದ ದೊಡ್ಡಮ್ಮ ಕೇಳಿದರು:

"ಒಬ್ಬರೇಯಾ? ಕಮಲಾಕ್ಷಿ ಎಲ್ಲಿ?"

"ಹಿಂದೆ ಉಂಟು" ಎಂದೆ, ಹೆಬ್ಬೆರಳನ್ನು ಬೆನ್ನ ಹಿಂದಕ್ಕೆ ತೋರಿಸಿ.

ಹಿಂದೆ ಇದ್ದದ್ದು ಬಟ್ಟೆಯ ಚೀಲ ಮಾತ್ರ. ಅರ್ಧ ಗಂಟೆ ಕಳೆದು ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದಳು. ಎರಡು ಚೆಂಬು ನೀರು ಕುಡಿದಳು. "ಕರೀಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ?" ಎಂದು ದೊಡ್ಡಪ್ಪ ಗದರಿದರೆ, "ಇವರು ಮಾತಾಡ್ತಾ ಇದ್ರು ದೊಡ್ಡಪ್ಪ. ಒಳ್ಳೆ ಮಾತಾಡ್ತಾ ಇದ್ರು. ಮಧ್ಯದಲ್ಲಿ ಬಾಯಿ ಹಾಕುದು ಬೇಡ ಅಂತ ಸುಮ್ಮನಾದೆ" ಎಂದಳು. ಆ ಮನೆಯವರು ನಾನು ಹೋದಾಗಲೆಲ್ಲ ಮೊದಲು ಕ್ಯಾರಿಯರನ್ನು ನೋಡಿ, ಆಮೇಲೆ ನನ್ನನ್ನು ಮಾತಾಡಿಸುವ ಅಭ್ಯಾಸವನ್ನು ಅಂದಿನಿಂದ ಶುರುಮಾಡಿದರು.

ಆಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ನಾನು ಬೆಟ್ಟಂಪಾಡಿಯ ತುಳು ಮಾತಿನವನು, ಅವಳು ಅಜ್ಜಾವರದ ಅರೆಭಾಷೆಯವಳು. ಪ್ರತಿ ನೆತ್ತಿಯಲ್ಲೂ, ಪ್ರತಿ ಹೊಂಡ ದಾಟಿದ ಮೇಲೂ, ನಾನು ತಿರುಗದೆ ತುಳುವಿನಲ್ಲಿ ಕೇಳಬೇಕು: "ಉಂಡಾ?" ಅಂದರೆ, ಉಂಟಾ? ಅವಳು ಅರೆಭಾಷೆಯಲ್ಲಿ ಹೇಳಬೇಕು: "ಉಟ್ಟು." ಅಂದರೆ, ಉಂಟು. ಉತ್ತರ ಬಾರದಿದ್ದರೆ ನಾನು ನಿಲ್ಲಿಸಬೇಕು. ಮನುಷ್ಯರಿಗೆ ಹೀಗೆ ಹೇಳುವುದಿಲ್ಲ. ಇದು ಗೋಣಿ, ಚೀಲ, ಕೊಡೆಗಳಿಗೆ ಹೇಳುವ ಮಾತು. ಮೊದಲ ಸಲ ಕೇಳಿದಾಗ ಅವಳು, "ಲಗೇಜು ಉಟ್ಟು" ಎಂದು ಉತ್ತರ ಕೊಟ್ಟಿದ್ದಳು. ಲಗೇಜು ಬಿಟ್ಟುಹೋಯಿತು, 'ಉಟ್ಟು' ಉಳಿಯಿತು.

ನಮ್ಮ ಶಾಲೆಗೆ ಘಟ್ಟದ ಮೇಲಿನಿಂದ ಬಂದ ಮೇಷ್ಟ್ರೊಬ್ಬರು ಇದನ್ನು ಬಹಳ ದಿನ ಕೇಳಿಸಿಕೊಂಡು, ಒಮ್ಮೆ ತಡೆಯಲಾರದೆ ನನ್ನನ್ನು ನಿಲ್ಲಿಸಿದರು. "ಏನ್ರೀ ಇದು, ರೋಡಲ್ಲಿ ಹೋಗ್ತಾ ಹೋಗ್ತಾ ಉಂಡಾ ಅಂತ ಕೇಳ್ತೀರಿ, ಅವರು ಉಟ್ಟು ಅಂತಾರೆ. ಊಟ ಆಯ್ತಾ ಅಂದ್ರೆ ಸೀರೆ ಉಟ್ಟಾಯ್ತು ಅನ್ನೋದಾ?" ನಾನು ಬಿಡಿಸಿ ಹೇಳಿದೆ. ಅವರು ತುಂಬಾ ಹೊತ್ತು ನಕ್ಕು, "ಒಟ್ನಲ್ಲಿ ಉಂಡುಟ್ಟು ಸುಖವಾಗಿದೀರಿ ಬಿಡಿ" ಎಂದರು. ಮೇಷ್ಟ್ರು ಹೇಳಿದ ಮೇಲೆ ಅದು ಸರಿಯೇ ಇರಬೇಕು ಎಂದು ನಾವೂ ನಂಬಿದೆವು.

ಕಮಲಾಕ್ಷಿಗೆ ಆಸೆಗಳು ಕಡಿಮೆ. ಒಂದಿತ್ತು. ಸಮುದ್ರದ ಬದಿಯಲ್ಲಿ ಗುಡ್ಡವೇ ಇಲ್ಲವೆಂದು ಯಾರೋ ಅವಳಿಗೆ ಹೇಳಿದ್ದರು. "ಅಲ್ಲಾದ್ರೆ ಇಡೀ ದಿನ ಇಳಿಯದೆ ಕೂತ್ಕೊಂಡೇ ಹೋಗ್ಬಹುದಲ್ವಾ?" ಎಂದು ಕೇಳಿದ್ದಳು. ಬೇರೆಯವರ ಹೆಂಡಿರು ಬಂಗಾರ ಕೇಳುತ್ತಾರೆ; ಇವಳು ಸಮತಟ್ಟು ಕೇಳಿದಳು. "ರಿಟೈರ್ ಆಗ್ಲಿ" ಎಂದೆ. ರಿಟೈರ್ ಆದೆ. "ಮಳೆ ಮುಗೀಲಿ" ಎಂದೆ. ಮಳೆ ಮುಗಿಯುವ ಮೊದಲು, ಕಳೆದ ಆಟಿಯಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಅವಳಿಗೆ ಜ್ವರ ಬಂತು. ಅವಳು ಸುಳ್ಯದಿಂದ ಮಂಗಳೂರಿನವರೆಗೆ, ಎಲ್ಲ ಏರುಗಳನ್ನೂ ಸೇರಿಸಿ, ಎಲ್ಲಿಯೂ ಇಳಿಯದೆ ಹೋದಳು. ಆಂಬುಲೆನ್ಸಿನಲ್ಲಿ. ಆಸೆಗಳನ್ನು ಈಡೇರಿಸುವವನು ಯಾರೇ ಆಗಿರಲಿ, ಅವನಿಗೆ ವಿಳಾಸ ಸರಿಯಾಗಿ ಓದಲು ಬರುವುದಿಲ್ಲ. ನನ್ನ ಹಾಗೆ ಮೂವತ್ತು ವರ್ಷ ಟಪಾಲು ಹಂಚಿದ್ದರೆ ಗೊತ್ತಾಗುತ್ತಿತ್ತು.

ಟಪಾಲಿನ ಮಾತು ಬಂತಲ್ಲ. ನಾನು ಹಂಚಿದವುಗಳಲ್ಲಿ ಸಾವಿನ ಕಾರ್ಡುಗಳು ಎಷ್ಟೋ. ಅವನ್ನು ಮನೆಯೊಳಗೆ ಇಟ್ಟುಕೊಳ್ಳುವ ಕ್ರಮವಿಲ್ಲ. ಓದಿ ಅಲ್ಲೇ ಹರಿದು ಬಿಡಬೇಕು. ಓದು ಬಾರದವರ ಅಂಗಳದಲ್ಲಿ ನಿಂತು ನಾನೇ ಓದಿ ಹೇಳಿ, ನಾನೇ ಹರಿದು, ನೀರು ಕೂಡ ಕುಡಿಯದೆ ಮುಂದಿನ ಮನೆಗೆ ಹೋಗಿದ್ದೇನೆ. ಅಂತಹ ನಾನು, ಕಮಲಾಕ್ಷಿ ಹೋದ ಸುದ್ದಿಯನ್ನು ಒಬ್ಬರಿಗೂ ಹೇಳಲಿಲ್ಲ. ಎಲ್ಲ ಕಡೆಗೂ ಫೋನು ಮಾಡಿದವನು ಅವಳ ತಮ್ಮ, ಪುರುಷೋತ್ತಮ ಭಾವ. ಬಂದವರೆಲ್ಲ ಸುದ್ದಿ ತಿಳಿದೇ ಬಂದರು. ನಾನು ತಲೆಯಾಡಿಸಿದೆ. 'ಇಲ್ಲ' ಎನ್ನುವ ಎರಡಕ್ಷರ ನನ್ನ ಬಾಯಿಯಿಂದ ಹೊರಡಲೇ ಇಲ್ಲ. ಹೊರಡದಿದ್ದರೆ ಏನು ನಷ್ಟ ಎಂದು ನಾನೂ ಸುಮ್ಮನಿದ್ದೆ.

ಸಮಾಧಾನ ಹೇಳಲು ಬಂದವರ ಸೇವೆಯನ್ನು ಮರೆಯುವಂತಿಲ್ಲ. "ಧೈರ್ಯ ತಂದುಕೊಳ್ಳಿ" ಎಂದರು. ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳಲಿಲ್ಲ. "ಪುಣ್ಯವಂತೆ, ಹೆಚ್ಚು ನರಳಲಿಲ್ಲ" ಎಂದರು, ಅವಳನ್ನು ಈಗಷ್ಟೇ ಭೇಟಿಯಾಗಿ ಬಂದವರ ಹಾಗೆ. ಫೋನಿನಲ್ಲಿ ಕೈಮುಗಿದ ಚಿತ್ರಗಳನ್ನು ಕಳಿಸಿದವರಲ್ಲಿ ಒಬ್ಬರು ಅವಸರಕ್ಕೆ ಚಪ್ಪಾಳೆಯ ಚಿತ್ರ ಕಳಿಸಿದ್ದರು. ಪುರುಷೋತ್ತಮ ಭಾವ ಮಾತ್ರ ನಾಲ್ಕು ತಿಂಗಳು ಬಿಟ್ಟು ಬಂದು, "ಭಾವಾ, ಹೀಗೆ ಕೂತ್ರೆ ಆಗ್ಲಿಕ್ಕಿಲ್ಲ. ಎಲ್ಲಿಯಾದ್ರೂ ಒಂದು ತಿರುಗಾಟ ಹೋಗಿ ಬನ್ನಿ" ಎಂದ. ಅವನ ಮನಸ್ಸಿನಲ್ಲಿದ್ದದ್ದು ಹವಾನಿಯಂತ್ರಿತ ಬಸ್ಸು, ಹನ್ನೊಂದು ದೇವಸ್ಥಾನ. ನಾನು ಸೈಕಲ್ಲಿಗೆ ಎಣ್ಣೆ ಬಿಟ್ಟೆ.

"ಸೈಕಲಲ್ಲಾ? ನಿಮ್ಗೆ ಎಂತ ಮರ್ಲಾ ಭಾವಾ?"

"ಸಮುದ್ರದ ಬದಿಯಲ್ಲಿ ಗುಡ್ಡ ಇಲ್ಲವಂತೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ದಿಂಬನ್ನು ಬಿಚ್ಚಿಟ್ಟು ಹೋಗಬಹುದಿತ್ತು. ಚೀಲ ಕಟ್ಟಲು ಜಾಗ ಸಿಗುತ್ತಿತ್ತು. ಬಿಚ್ಚಲಿಲ್ಲ. ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡೆ.

ಮೊದಲ ದಿನ ಉಪ್ಪಿನಂಗಡಿ, ಎರಡನೆಯ ದಿನ ಮಂಗಳೂರು ದಾಟಿ ಮುಲ್ಕಿ. ಆ ಎರಡು ದಿನ ಬಿಡಿ, ದೂಡಿದ್ದೇ ದೂಡಿದ್ದು. ಮೂರನೆಯ ಬೆಳಿಗ್ಗೆ ಮುಲ್ಕಿಯಿಂದ ಉತ್ತರಕ್ಕೆ ಹೊರಟಾಗ ನನಗೆ ಒಂದು ವಿಷಯ ತಿಳಿಯಿತು. ಸಮತಟ್ಟು ರಸ್ತೆಯಷ್ಟು ಬೇಸರದ ವಸ್ತು ಬೇರೊಂದಿಲ್ಲ. ಏರಿಲ್ಲದ ಮೇಲೆ ಇಳಿತವೂ ಇಲ್ಲ. ಇಳಿಯುವ ನೆಪ ಇಲ್ಲದ ಮೇಲೆ ನಿಲ್ಲುವ ನೆಪವೂ ಇಲ್ಲ. ಹೈವೇಯನ್ನು ಎಲ್ಲಾದರೂ ಮೊಣಕಾಲೆತ್ತರ ಎತ್ತರಿಸಿದ್ದರೆ ನನ್ನ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು, ನಾನು ಸೈಕಲನ್ನು ದೂಡತೊಡಗುತ್ತಿದ್ದೆ. ಮೇಲೆ ಮುಟ್ಟಿದ ಮೇಲೆ ನಿಲ್ಲುತ್ತಿದ್ದೆ. ಯಾಕೆ ನಿಂತೆ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಅಷ್ಟರಲ್ಲಿ ಹಿಂದಿನ ಲಾರಿಯವನು ಹಾರನ್ ಹೊಡೆದು ನೆನಪು ಮಾಡಿಕೊಡುತ್ತಿದ್ದ.

ಅಂಟಿಕೊಂಡ ಬಟ್ಟೆ, ಕಪ್ಪು ಕನ್ನಡಕ, ತಲೆಗೆ ಕಲ್ಲಂಗಡಿ ಹಣ್ಣಿನ ಸಿಪ್ಪೆಯಂತಹ ಟೊಪ್ಪಿ ಹಾಕಿದ ನಾಲ್ಕು ಮಂದಿ ಸೈಕಲ್ ಸವಾರರು ನನ್ನನ್ನು ಹಿಂದೆ ಹಾಕಿದರು. ಒಬ್ಬ ನನ್ನ ಜೊತೆ ಸ್ವಲ್ಪ ದೂರ ಬಂದು, "ಸೋಲೋ ರೈಡಾ ಅಂಕಲ್? ಸೂಪರ್!" ಎಂದ. ಒಬ್ಬನೇ ಇರುವುದಕ್ಕೆ ಇಂಗ್ಲಿಷಿನಲ್ಲಿ ಅಷ್ಟು ಮರ್ಯಾದೆ ಉಂಟೆಂದು ನನಗೆ ತಿಳಿದಿರಲಿಲ್ಲ.

ಪಡುಬಿದ್ರಿಯ ಹತ್ತಿರ ಚಾ ಕುಡಿಯಲು ನಿಂತೆ. ಬೈಕಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡಿದ್ದ ಹಮೀದ್ ಎಂಬವರು ಅಲ್ಲಿಯೇ ಚಾ ಕುಡಿಯುತ್ತಿದ್ದರು. ನನ್ನದೇ ಪ್ರಾಯ. ಸೈಕಲನ್ನು ಸುತ್ತು ಬಂದು ನೋಡಿದರು.

"ಎಲ್ಲಿಂದ ಮಾರಾಯ್ರೆ?"

"ಸುಳ್ಯ."

"ಸುಳ್ಯದಿಂದ ಸೈಕಲಲ್ಲಾ! ಬಸ್ಸು ಸ್ಟ್ರೈಕಾ ಎಂತ?" ಎಂದು ನಕ್ಕು, ದಿಂಬಿನ ಮೇಲೆ ಕೈಯಿಟ್ಟರು. "ಇದು ಜೋರುಂಟಲ್ಲ. ಹಿಂದೆ ಜನ ಉಂಟಾ?"

ಕಮಲಾಕ್ಷಿಯ ದೊಡ್ಡಮ್ಮನಿಗೆ ಕೊಟ್ಟ ಉತ್ತರವೇ ನನ್ನ ಬಾಯಿಗೆ ಬಂತು. "ಹೆಂಡತಿ. ಹಿಂದೆ ಬರ್ತಾ ಇದ್ದಾಳೆ" ಎಂದೆ. ಹೇಳಿದ ಮೇಲೆ ಚಾ ಸ್ವಲ್ಪ ಹೆಚ್ಚು ಸಿಹಿಯಾದ ಹಾಗೆ ಅನಿಸಿತು. ಸುಳ್ಳಿಗೆ ಬೇರೆ ಸಕ್ಕರೆ ಬೇಡ ಎಂದು ಕೇಳಿದ್ದೆ, ನಿಜವಿರಬೇಕು.

ಯಾರಿಗೂ ತೊಂದರೆಯಿಲ್ಲದ ಸುಳ್ಳು, ಚಾದ ಅಂಗಡಿಯಲ್ಲೇ ಉಳಿಯುತ್ತದೆ ಎಂದುಕೊಂಡೆ. ಟಪಾಲಿನವನಿಗೆ ಇಷ್ಟೂ ತಿಳಿಯಬೇಡವೆ? ಬೈಕಿನಲ್ಲಿ ಹೋಗುವ ಮೀನಿನವರಷ್ಟು ವೇಗವಾಗಿ ಯಾವ ಅಂಚೆಯೂ ಸುದ್ದಿ ಮುಟ್ಟಿಸುವುದಿಲ್ಲ. ಮಧ್ಯಾಹ್ನ ಕಾಪುವಿನ ಹತ್ತಿರ, ಹೈವೇ ಬಿಟ್ಟು ಸಮುದ್ರದ ಬದಿಯ ಸಣ್ಣ ರಸ್ತೆಯಲ್ಲಿ ಹೋಗುವಾಗ, ಒಂದು ಮೀನೂಟದ ಹೋಟೆಲಿನ ಎದುರು ದಪ್ಪಗಿನ ಹೆಂಗಸೊಬ್ಬರು ಕೈಯಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. ಹಿಂದೆ ಹಮೀದ್ ನಗುತ್ತಾ ನಿಂತಿದ್ದರು. ಆ ಹೋಟೆಲಿಗೆ ಮೀನು ಹಾಕುವವರು ಅವರೇ.

"ಸುಳ್ಯದವರಲ್ವಾ? ಬನ್ನಿ ಬನ್ನಿ. ಹಮೀದಣ್ಣ ಹೇಳಿದ್ರು. ಗಂಡ ಹೆಂಡತಿ ಸೈಕಲಲ್ಲಿ ಬರುದನ್ನು ನಾನು ಈ ರಸ್ತೆಯಲ್ಲಿ ಕಂಡದ್ದೇ ಇಲ್ಲ" ಎಂದರು ಆ ಹೋಟೆಲಿನ ಒಡತಿ ಗುಲಾಬಿಯಕ್ಕ. ಒಳಗೆ ಎಲ್ಲರಿಗೂ ಸ್ಟೀಲಿನ ತಟ್ಟೆ. ಮೂಲೆಯ ಮೇಜಿನಲ್ಲಿ ಮಾತ್ರ ಎರಡು ಬಾಳೆಲೆ, ಅಕ್ಕಪಕ್ಕ. ಎರಡರ ತುದಿಯಲ್ಲೂ ಉಪ್ಪಿನಕಾಯಿ ಹಾಕಿ ಆಗಿತ್ತು.

ನಾನು ಒಂದು ಎಲೆಯ ಎದುರು ಕೂತೆ. ಹಸಿವಾಗಿತ್ತು, ದುಃಖದವರಿಗೆ ಹಸಿವಾಗುವುದಿಲ್ಲ ಎಂದು ಹೇಳುವವರು ಸೈಕಲ್ ತುಳಿದು ನೋಡಬೇಕು. ಅನ್ನಕ್ಕೆ ಕೈ ಚಾಚಿದರೆ ಗುಲಾಬಿಯಕ್ಕ ಅನ್ನದ ಪಾತ್ರೆಯನ್ನೇ ಹಿಂದಕ್ಕೆ ಎಳೆದುಕೊಂಡರು.

"ಎಂತ ಗಂಡಸು ಮಾರಾಯ್ರೆ ನೀವು! ಹೆಂಡತಿ ಬಿಸಿಲಲ್ಲಿ ಇನ್ನೊಂದು ಸೈಕಲ್ ತುಳೀತಾ ಇದ್ದಾರೆ, ಇವರಿಲ್ಲಿ ಉಣ್ಲಿಕ್ಕೆ ಕೂತ್ರು. ಅವರು ಬರ್ಲಿ. ಬಂಗುಡೆ ಒಟ್ಟಿಗೇ ಕಾಯಿಸಿ ಕೊಡ್ತೇನೆ. ಎಷ್ಟು ಹಿಂದೆ ಇದ್ದಾರೆ?"

"ಸ್ವಲ್ಪ... ಹಿಂದೆ."

"ಸ್ವಲ್ಪ ಅಂದ್ರೆ?"

ನಾನು ಉಪ್ಪಿನಕಾಯಿ ನೆಕ್ಕಿದೆ. ಹತ್ತು ನಿಮಿಷವಾಯಿತು. ಹದಿನೈದಾಯಿತು. ಗುಲಾಬಿಯಕ್ಕ ಎರಡು ಸಲ ರಸ್ತೆಗೆ ಹೋಗಿ ಹಣೆಗೆ ಕೈಯಿಟ್ಟು ದಕ್ಷಿಣಕ್ಕೆ ನೋಡಿ ಬಂದರು. ಪಕ್ಕದ ಮೇಜಿನ ಇಬ್ಬರು ಊಟ ನಿಲ್ಲಿಸಿ, ಮೊನ್ನೆ ಇದೇ ರಸ್ತೆಯಲ್ಲಿ ಟಿಪ್ಪರಿನವನು ಯಾರಿಗೋ ಗುದ್ದಿದ ಕತೆಯನ್ನು ವಿವರವಾಗಿ ಹೇಳತೊಡಗಿದರು. ಅಂತಹ ಕತೆ ಹೇಳಲು ಜನ ಸಿಗದ ಊರನ್ನು ನಾನಿನ್ನೂ ಕಂಡಿಲ್ಲ.

"ಫೋನ್ ಮಾಡಿ ಅಣ್ಣ" ಎಂದರು ಗುಲಾಬಿಯಕ್ಕ.

"ಫೋನು ತರಲಿಲ್ಲ ಅವಳು."

ಹಮೀದ್ ನಗುವುದನ್ನು ನಿಲ್ಲಿಸಿದ್ದರು. ನನ್ನ ಮುಖವನ್ನೇ ನೋಡಿ, "ಬಿಸಿಲಿಗೆ ಎಲ್ಲಾದ್ರೂ ತಲೆ ತಿರುಗಿ ಬಿದ್ದಿದ್ರೆ? ನಾನೊಮ್ಮೆ ನೋಡಿ ಬರ್ತೇನೆ" ಎಂದು ಹೊರಗೆ ಹೋದರು. ಬೈಕಿನ ಹಿಂದಿನ ಪೆಟ್ಟಿಗೆಯ ಹಗ್ಗ ಬಿಚ್ಚಿದರು. ಅದನ್ನು ಎತ್ತಿ ಕೆಳಗಿಟ್ಟು, ಸೀಟನ್ನು ಹೆಗಲ ಮೇಲಿನ ಟವೆಲಿನಿಂದ, ನಮ್ಮ ಕಡೆಯ ಬೈರಾಸಿನಿಂದ, ಎರಡು ಸಲ ಉಜ್ಜಿದರು. ಮೀನಿನ ನೀರು ಅವಳ ಸೀರೆಗೆ ತಾಗಬಾರದಲ್ಲ.

ಆ ಬೈರಾಸು ನನ್ನನ್ನು ಎಬ್ಬಿಸಿತು. ಇನ್ನೊಂದು ನಿಮಿಷ ಕಳೆದರೆ ಆ ಮನುಷ್ಯ ಸತ್ತವಳನ್ನು ಹುಡುಕಿಕೊಂಡು ಉರಿಬಿಸಿಲಿನಲ್ಲಿ ಪಡುಬಿದ್ರಿಯವರೆಗೆ ಹೋಗುತ್ತಾರೆ, ಸಿಗದಿದ್ದರೆ ಮುಲ್ಕಿಯವರೆಗೂ. ನಾನು ಅಂಗಳಕ್ಕೆ ಹೋಗಿ ನಿಂತೆ. ಅಂಗಳದಲ್ಲಿ ನಿಂತು ಹೇಳುವುದಷ್ಟೇ ನನಗೆ ಅಭ್ಯಾಸ.

"ಹೋಗ್ಬೇಡಿ ಹಮೀದಣ್ಣ. ಅವಳು ಇಲ್ಲ."

"ಹಿಂದೆ ಬರ್ತಾ ಇದ್ದಾಳೆ ಅಂದ್ರಲ್ಲ?"

"ಇಲ್ಲ. ಕಳೆದ ಆಟಿಯಲ್ಲಿ ತೀರಿಹೋದಳು."

ಅಷ್ಟೇ. ಮೂವತ್ತು ವರ್ಷ ಬೇರೆಯವರ ಅಂಗಳಗಳಲ್ಲಿ ಎಷ್ಟು ಚೆನ್ನಾಗಿ, ಒಂದಕ್ಷರ ತಪ್ಪದೆ ಓದುತ್ತಿದ್ದೆ. ಇಲ್ಲಿ ನಾಲಿಗೆ ತಡವರಿಸಿತು. ಹರಿದು ಬಿಡಲು ಕೈಯಲ್ಲಿ ಕಾರ್ಡೂ ಇರಲಿಲ್ಲ.

ಹಮೀದ್ ಬೈಕಿನ ಕೀಲಿ ತೆಗೆದರು. ಧೈರ್ಯ ತಂದುಕೊಳ್ಳಿ ಎಂದು ಹೇಳಲಿಲ್ಲ. ಬಾಗಿಲಿನಲ್ಲಿ ನಿಂತಿದ್ದ ಗುಲಾಬಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ಬೈಯತೊಡಗಿದರು.

"ಮೊದ್ಲೇ ಹೇಳುದಲ್ವಾ ಮಾರಾಯ್ರೆ! ಬಾಣಲೆ ಇಟ್ಟು ಎಷ್ಟು ಹೊತ್ತಾಯ್ತು ಗೊತ್ತುಂಟಾ? ಇಷ್ಟು ಪ್ರಾಯ ಆಗಿದೆ, ಸುಳ್ಳು ಹೇಳ್ಲಿಕ್ಕೆ ಸರಿಯಾಗಿ ಬರುದಿಲ್ಲ! ಬನ್ನಿ, ಕೂತ್ಕೊಳ್ಳಿ."

ಐದು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಬೈಗುಳ. ನಾನು ಹೋಗಿ ಕೂತೆ. ಎರಡನೆಯ ಎಲೆಯನ್ನು ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಎರಡಕ್ಕೂ ಅನ್ನ ಬಡಿಸಿದರು, ಎರಡಕ್ಕೂ ಹುಳಿಮೆಣಸಿನ ಸಾರು, ಎರಡಕ್ಕೂ ಬಂಗುಡೆ. ನಮ್ಮ ಮನೆಗಳಲ್ಲಿ ಹೋದವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸುವ ಕ್ರಮ ಉಂಟು. ಬಡಿಸಿ, ಅವರು ಬಂದು ಉಣ್ಣಲೆಂದು, ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಇಲ್ಲಿ ಮುಚ್ಚಲು ಬಾಗಿಲೇ ಇರಲಿಲ್ಲ. ಹಗ್ಗಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಪರದೆ. ಗುಲಾಬಿಯಕ್ಕ ಅದನ್ನೇ ಎಳೆದು ಬಿಟ್ಟು, ಹಮೀದಣ್ಣನ ಕಡೆ ತಿರುಗಿ ಐದು ನಿಮಿಷ ಬಂಗುಡೆಯ ಗಾತ್ರದ ಬಗ್ಗೆ ಜಗಳ ಮಾಡಿದರು. ಆಮೇಲೆ, "ಹಾಕಿದ ಎಲೆ ಹಾಗೇ ಬಿಡ್ಲಿಕ್ಕಿಲ್ಲ. ಕೂತ್ಕೊಳ್ಳಿ ಹಮೀದಣ್ಣ" ಎಂದರು.

ಹಮೀದ್ ಕೈ ತೊಳೆದು ಬಂದು ನನ್ನ ಪಕ್ಕ ಕೂತರು. ಇಬ್ಬರೂ ಉಂಡೆವು. ಅರ್ಧ ಊಟದಲ್ಲಿ ಅವರು ಮೆಲ್ಲಗೆ ಕೇಳಿದರು: "ಮೀನು ಇಷ್ಟವಾ ಅವರಿಗೆ?"

"ಬಂಗುಡೆಯ ತಲೆ ನನಗೆ ಕೊಡ್ತಾ ಇರ್ಲಿಲ್ಲ" ಎಂದೆ.

ಅವರು ತಮ್ಮ ಎಲೆಯ ಬಂಗುಡೆಯ ತಲೆಯನ್ನು ಮುರಿದು ನನ್ನ ಎಲೆಗೆ ಹಾಕಿದರು. "ಇವತ್ತು ಕೊಟ್ಟಿದ್ದಾರೆ, ತಿನ್ನಿ" ಎಂದರು.

ಹೊರಡುವಾಗ ಇಬ್ಬರೂ ಕೂಡಿ ಸೈಕಲ್ಲಿನವರೆಗೆ ಬಂದರು. ಗುಲಾಬಿಯಕ್ಕ ದಿಂಬನ್ನು ಒಮ್ಮೆ ತಟ್ಟಿ ಧೂಳು ಹಾರಿಸಿದರು, ಕೂರುವವರಿಗೆ ಮೊದಲು ಕುರ್ಚಿ ಒರೆಸುವ ಹಾಗೆ. "ನಿಧಾನ ಹೋಗಿ. ಮಾತಾಡ್ತಾ ಹೋಗ್ಬೇಡಿ" ಎಂದರು. ಕಡಬದ ಕತೆಯನ್ನು ನಾನು ಅವರಿಗೆ ಊಟದ ಮೇಲೆ ಹೇಳಿದ್ದೆ.

ಉದ್ಯಾವರದ ಹೊಳೆಗೆ ಒಂದು ಸೇತುವೆ ಉಂಟು. ಅದಕ್ಕೆ ಹತ್ತುವ ರಸ್ತೆ ಸ್ವಲ್ಪ ಏರು. ನಮ್ಮ ಗುಡ್ಡಗಳ ಮುಂದೆ ಹೇಳುವುದಕ್ಕೂ ನಾಚಿಕೆಯಾಗುವಷ್ಟು. ಬುಡ ಮುಟ್ಟುವಾಗ ಸಂಜೆಯಾಗುತ್ತಿತ್ತು. ಬಲಗಾಲು ಅಭ್ಯಾಸದಂತೆ ಸೀಟಿನ ಮೇಲಿನಿಂದ ಏಳಲು ಹೊರಟಿತು. ನನಗೆ ಅವಳ ಸಮತಟ್ಟಿನ ಬೇಡಿಕೆ ನೆನಪಾಯಿತು. ಇಡೀ ದಿನ ಇಳಿಯದೆ ಕೂತುಕೊಂಡು ಹೋಗಬೇಕು ಎಂದಿದ್ದಳು. ನಾನು ಇಳಿದರೆ ಕಟ್ಟಳೆಯಂತೆ ಅವಳೂ ಇಳಿಯಬೇಕು. ಬೆಳಿಗ್ಗೆಯಿಂದ ಅವಳನ್ನು ಎಷ್ಟು ಸಲ ಸುಮ್ಮನೆ ಇಳಿಸಿದೆನೋ!

ಕಾಲನ್ನು ಮತ್ತೆ ಪೆಡಲಿಗಿಟ್ಟೆ. ಎದ್ದು ನಿಂತು ತುಳಿದೆ. ಚೈನು ಕಿರುಗುಟ್ಟಿತು, ಮಂಡಿ ಅದಕ್ಕಿಂತ ಜೋರಾಗಿ ಕಿರುಗುಟ್ಟಿತು. ಕಾಲುದಾರಿಯಲ್ಲಿ ಮಾತಾಡುತ್ತಾ ನಡೆದು ಹೋಗುತ್ತಿದ್ದ ಇಬ್ಬರು ಹೆಂಗಸರು ನನ್ನನ್ನು ದಾಟಿ ಮುಂದೆ ಹೋದರು. ಒಬ್ಬರು ತಿರುಗಿ ಕನಿಕರದಿಂದ ನೋಡಿದರು. ನೋಡಲಿ. ಮೂವತ್ತು ವರ್ಷ ಈ ಸೈಕಲ್ಲಿನಲ್ಲಿ ಒಂದು ಏರನ್ನೂ ಹತ್ತದವನು ಅರವತ್ತು ದಾಟಿದ ಮೇಲೆ ಹತ್ತುತ್ತಿದ್ದೇನೆ.

ನೆತ್ತಿಯಲ್ಲಿ ಸಮುದ್ರದ ಗಾಳಿ ಮುಖಕ್ಕೆ ಹೊಡೆಯಿತು. ತಿರುಗದೆ ಕೇಳಿದೆ: "ಉಂಡಾ?"

ಹಿಂದಿನಿಂದ ಮಾತಿಲ್ಲ. ನಾನು ಉತ್ತರಕ್ಕೆ ಕಾಯಲಿಲ್ಲ. ಬೆರಳು ಮಾತ್ರ ಹಳೆಯ ಅಭ್ಯಾಸಕ್ಕೆ ಬ್ರೇಕಿನ ಮೇಲೆ ಹೋಯಿತು, ನಿಲ್ಲಿಸಿ ಹತ್ತಿಸಿಕೊಳ್ಳಲು. ಅದನ್ನೂ ತೆಗೆದೆ. ನಿಲ್ಲಿಸುವುದು ಇಳಿದವರಿಗಾಗಿ ತಾನೆ? ಈ ಸಲ ಯಾರೂ ಇಳಿದಿರಲಿಲ್ಲ.